ನಾನು ಬಾಯಿಬಿಟ್ಟು ಹೇಳದ ಹೆಸರು

ನನ್ನ ಮೊಮ್ಮಗಳು ಬರೆದದ್ದು ಪೇಪರಿನಲ್ಲಿ ಬಂದಿದೆ! ಮೈಸೂರಿನಲ್ಲಿ ಕಾಲೇಜು ಓದುವ ಹುಡುಗಿ. ಪೇಪರಿನವರು ಮೊದಲ ಸಲ ಅವಳನ್ನು ಒಂದು ಸಮಾರಂಭಕ್ಕೆ ಕಳಿಸಿದರು, ಹೋದಳು, ನೋಡಿದಳು, ಬರೆದಳು, ಅಚ್ಚಾಯಿತು. ಅಷ್ಟೇ ಆಗಿದ್ದರೂ ನಾನು ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಆದರೆ ಅದರ ಕೊನೆಯಲ್ಲಿ ನಮ್ಮ ಯಜಮಾನರ ಹೆಸರೂ ಬಂದಿದೆ. ನಲವತ್ತು ವರ್ಷ ತಡವಾಗಿ ಬಂದಿದೆ. ನಾನೇ ಓದಿದೆ, ನನ್ನ ಕಣ್ಣಿಂದಲೇ. ಓದಿದ ಮೇಲೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ...

ಬೆಳಗಿನ ರೈಲಿಗೆ ಬಂದ ಪೇಪರನ್ನು ಮಗ ತಂದುಕೊಟ್ಟ. ಅವನಿಗೆ ಇಲ್ಲೇ ನಂಜನಗೂಡು ಸ್ಟೇಷನ್ನಿನಲ್ಲಿ ಕೆಲಸ, ಹಳ್ಳಿ ಬಿಟ್ಟು ನಾವೂ ಅವನ ಜೊತೆಗೇ ಇದ್ದೇವೆ. ಮಡಿಕೆ ಬಿಚ್ಚಿದ್ದೇ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಯಂಥ ವಾಸನೆ, ಅದರ ಹಿಂದೆ ಒಂದಿಷ್ಟು ಕಮಟು. ಓದುವುದನ್ನು ಬಿಟ್ಟು ಹಾಳೆಗೆ ಮುಖವಿಟ್ಟುಕೊಂಡು ನಿಂತೆ. "ಅತ್ತೆ, ಓದಾದು ಕಣ್ಣಲ್ಲಿ, ಮೂಗಲ್ಲಲ್ಲ" ಎಂದು ಸೊಸೆ ನಕ್ಕಳು. ಅವಳಿಗೇನು ಗೊತ್ತು! ಆ ವಾಸನೆ ನನಗೆ ಮೊದಲು ಸಿಕ್ಕಿದ್ದು ಒಬ್ಬರ ಕೋಟಿನ ತೋಳಿನಲ್ಲಿ. ನಮ್ಮ ಮನೆಯಲ್ಲಿ ಅವರನ್ನು ಪೇಪರಿನ ಸ್ವಾಮಿ ಎಂದೇ ಕರೆಯುತ್ತಿದ್ದೆವು.

ಆಗ ಈ ನನ್ನ ಮಗ ಸೊಂಟದ ಮೇಲಿನ ಕೂಸು. ನನ್ನ ತವರಿನಿಂದ ಒಂದು ಜೋಡಿ ಎತ್ತು ಹೊಡೆದುಕೊಂಡು, ಅಪ್ಪ ಕೊಟ್ಟ ಹೊಸ ಬಾವಿಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸೋಮನಾಥಪುರದ ಪಕ್ಕದ ನಮ್ಮ ಹಳ್ಳಿಗೆ ಹೊರಟಿದ್ದೆವು. ಹೊಳೆ ದಾಟುವ ನರಸೀಪುರದ ಕಡವಿಗೆ ಬಂದರೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ದಡದ ಅರಳಿ ಮರದ ಕೆಳಗೆ ಕೂತೆವು. ಅವತ್ತು ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವ ಸಮಾರಂಭ. ಮೈಸೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಸ್ವಾಗತದ ಹಾಡು ಹೇಳಬೇಕಾದ ಏಳೆಂಟು ಹುಡುಗಿಯರನ್ನು ಆಚೆ ದಡದಿಂದ ಹರಿಗೋಲಿನಲ್ಲಿ ಕರೆತರಬೇಕಿತ್ತು.

ದಡದಲ್ಲಿ ಸೇರಿದ್ದ ಜನರ ನಡುವೆ ಒಬ್ಬರು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸಣ್ಣ ವಯಸ್ಸು, ನನ್ನಷ್ಟೇ ಇರಬಹುದು. ಮೈಗಿಂತ ದೊಡ್ಡದಾದ ಕರೀ ಕೋಟು, ಎರವಲು ತಂದದ್ದೆಂದು ನೋಡಿದರೇ ತಿಳಿಯುತ್ತಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕೈಯಲ್ಲಿ ಪೆನ್ಸಿಲು, ಒಂದು ಪುಸ್ತಕ. ಸಮಾರಂಭದ ಚಪ್ಪರದಿಂದ ಹೊಳೆಗೆ, ಹೊಳೆಯಿಂದ ಚಪ್ಪರಕ್ಕೆ ಓಡಾಡಿ, "ಗಂಟೆ ಎಷ್ಟಾಯ್ತು? ಟಪಾಲು ಗಾಡಿ ಎಷ್ಟೊತ್ತಿಗೆ ಹೊರಡುತ್ತೆ?" ಎಂದು ಕೇಳಿದವರನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಕಾಲೇಜು ಹುಡುಗ, ಪೇಪರಿಗೆ ಬರೆಯಲು ಬಂದಿದ್ದಾನೆ, ಇದೇ ಮೊದಲಂತೆ ಎಂದು ಪಕ್ಕದವರು ಹೇಳಿದರು. "ಇಂಗೇ ಓಡಾಡ್ತಿದ್ರೆ ಮೆಟ್ಟು ಸವ್ದೋಯ್ತವೆ ಕಣಪ್ಪ" ಎಂದು ನಮ್ಮ ಯಜಮಾನರು ಮೆಲ್ಲಗೆ ನಕ್ಕಿದ್ದು ನೆನಪಿದೆ.

ಆ ನಗು ಮುಗಿದಿತ್ತೋ ಇಲ್ಲವೋ... ಹರಿಗೋಲು ನಡುಹೊಳೆಗೆ ಬಂದಾಗ ಅಂಬಿಗನ ಕೈಯ ಬಿದಿರು ಗಳು ಲಟ್ಟೆಂದು ಮುರಿಯಿತು. ಹರಿಗೋಲು ಬುಗುರಿಯ ಹಾಗೆ ಸುತ್ತತೊಡಗಿತು. ಹುಡುಗಿಯರ ಕೂಗು ದಡಕ್ಕೆ ಕೇಳುತ್ತಿತ್ತು. ನಮ್ಮ ಯಜಮಾನರು ಹೊಸ ಹಗ್ಗದ ಒಂದು ತುದಿಯನ್ನು ಅರಳಿ ಮರಕ್ಕೆ ಬಿಗಿದರು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗೆ ಬಿದ್ದರು. ನನಗೆ ಒಂದು ಮಾತೂ ಹೇಳಲಿಲ್ಲ. ಹಗ್ಗವನ್ನು ಹರಿಗೋಲಿಗೆ ಕಟ್ಟಿದ್ದನ್ನು ನೋಡಿದೆ. ದಡದ ಗಂಡಸರೆಲ್ಲ ಸೇರಿ ಎಳೆದರು. ಹರಿಗೋಲು ಜಗ್ಗಿದ ರಭಸಕ್ಕೆ ನಮ್ಮ ಯಜಮಾನರ ಹಿಡಿತ ತಪ್ಪಿತು. ಒಮ್ಮೆ ತಲೆ ಕಂಡಿತು, ಇನ್ನೊಮ್ಮೆ ಕೈ ಕಂಡಿತು, ಆಮೇಲೆ ಹೊಳೆಯ ತಿರುವು.

ಹುಡುಗಿಯರೆಲ್ಲ ದಡ ಸೇರಿದರು, ಒಬ್ಬಳಿಗೂ ಏನೂ ಆಗಲಿಲ್ಲ. ನಾಲ್ಕು ಜನ ನಮ್ಮ ಯಜಮಾನರನ್ನು ಹುಡುಕಿಕೊಂಡು ದಡದಗುಂಟ ಓಡಿದರು. ನಾನು ಕೂಸನ್ನು ಅವುಚಿಕೊಂಡು ತಿರುವನ್ನೇ ನೋಡುತ್ತ ನಿಂತಿದ್ದೆ. ಪೇಪರಿನ ಸ್ವಾಮಿ ಸಿಕ್ಕಸಿಕ್ಕವರನ್ನು ಹಿಡಿದು ಕೇಳುತ್ತಿದ್ದರು, ಅವರು ಯಾರು, ಹೆಸರೇನು ಎಂದು.

"ಯಾರೋ ಬನ್ನೂರ್ ಕಡೆಯವ್ನು ಸಾಮಿ. ಅಗೋ, ಅವನೆಡ್ತಿ ಅಲ್ ನಿಂತವ್ಳೆ, ಕೇಳಿ" ಎಂದರು ಯಾರೋ.

ಅವರು ಏದುಸಿರು ಬಿಡುತ್ತ ನನ್ನ ಮುಂದೆ ಬಂದು ನಿಂತರು. "ತಾಯಿ, ನಿಮ್ಮ ಯಜಮಾನರ ಹೆಸರು ಹೇಳಿ. ಪೇಪರಿಗೆ ಹಾಕಬೇಕು."

ಹೇಳುವುದು ಹೇಗೆ? ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮಗೆಲ್ಲ ಹಾಲಿನ ಜೊತೆ ಕುಡಿಸಿದ ಮಾತು. ಅವರು ಜಗಲಿಯ ಮೇಲೆ ನೆಮ್ಮದಿಯಾಗಿ ಕೂತಿದ್ದಾಗಲೇ ಹೇಳದವಳು, ಹೊಳೆಯಲ್ಲಿ ಮುಳುಗುತ್ತ ಏಳುತ್ತ ಇರುವಾಗ ಹೇಳುತ್ತೇನೆಯೇ? ಹಲ್ಲು ಕಚ್ಚಿ ನಿಂತೆ.

"ಬಾಯಲ್ಲೇನ್ ಕಡುಬ್ ಮಡಿಕ್ಕಂಡಿದ್ದೀಯವ್ವ? ಒಗಟಾಕಾದ್ರೂ ಯೋಳು, ಮದ್ವೇಲಿ ಯೋಳ್ನಿಲ್ವಾ?" ಎಂದು ಒಬ್ಬ ಮುದುಕಿ ಗದರಿದಳು. ಮದುವೆಯ ದಿನ ಒಗಟಿನಲ್ಲಿ ಹೆಸರು ಸೇರಿಸಿ ಹೇಳುವಾಗ ಅವರು ನನ್ನ ಪಕ್ಕದಲ್ಲಿದ್ದರಲ್ಲ ಅಜ್ಜಿ, ಇವತ್ತು ಎಲ್ಲಿದ್ದಾರೆ ಹೇಳು ಎಂದು ಕೇಳಬೇಕೆನ್ನಿಸಿತು. ಕೂಸನ್ನು ಸೊಂಟದ ಇನ್ನೊಂದು ಕಡೆಗೆ ಏರಿಸಿಕೊಂಡೆ.

ಪೇಪರಿನ ಸ್ವಾಮಿ ನನ್ನ ಕೂಸಿನ ಕಡೆ ಬಗ್ಗಿದರು. "ನಿಮ್ಮಪ್ಪನ ಹೆಸರೇನೋ ಮರಿ?"

"ಅಪ್ಪ" ಎಂದಿತು ಕೂಸು. ಆ ಭಯದಲ್ಲೂ ಸುತ್ತ ನಿಂತವರು ನಕ್ಕರು.

ಅಷ್ಟು ಹೊತ್ತಿಗೆ ಕಡವಿನ ಗುತ್ತಿಗೆದಾರ ನುಗ್ಗಿ ಬಂದ. ಕೊಳೆತ ಗಳು ಕೊಟ್ಟು ಅಷ್ಟು ಮಕ್ಕಳನ್ನು ನೀರಿಗಿಳಿಸಿದ್ದು ಅಧಿಕಾರಿಗಳಿಗೆ ತಿಳಿದರೆ ಅವನ ಗುತ್ತಿಗೆ ಹೋಗುತ್ತಿತ್ತು. "ಬರ್ಕಳಿ ಸಾಮಿ, ನೀರಿಗ್ ಬಿದ್ದೋನು ನನ್ ಬಾಮೈದ, ನಮ್ ಕಡವಿನಾಳು" ಎಂದು ತನ್ನ ಬಾಮೈದನನ್ನು ಮುಂದಕ್ಕೆ ತಳ್ಳಿ, ಹೆಸರನ್ನೂ ಹೇಳಿದ. ಆ ಬಾಮೈದನ ಜುಟ್ಟು ಕೂಡ ನೆನೆದಿರಲಿಲ್ಲ. ಜನ ಸುಮ್ಮನಿದ್ದರು. ನಾಳೆಯೂ ಅವರು ಹೊಳೆ ದಾಟಬೇಕಲ್ಲ.

ಊರೊಳಗೆ ಟಪಾಲು ಗಾಡಿಯ ಗಂಟೆ ಬಾರಿಸಿತು. ಸ್ವಾಮಿ ಆ ಕಡೆ ಒಮ್ಮೆ ನೋಡಿ, ಪೆನ್ಸಿಲನ್ನು ಹಾಳೆಯ ಮೇಲೆ ಊರಿದರು. "ನೀವು ಹೇಳದಿದ್ರೆ ಇನ್ನೊಬ್ಬರ ಹೆಸರು ಹೋಗತ್ತೆ ತಾಯಿ... ಯಾವೂರು ಅಂತಲಾದರೂ ಹೇಳಿ."

ಊರು ಹೇಳಿದೆ. ಹೆಸರಿಗೆ ತಲೆ ಅಲ್ಲಾಡಿಸಿದೆ. ಅವರು ನನ್ನನ್ನು ನೋಡಿದರು, ಬಾಮೈದನನ್ನು ನೋಡಿದರು, ಏನೋ ಗೀಚಿದರು, ಗಾಡಿಯ ಕಡೆ ಓಡಿದರು.

ಹೊತ್ತು ಇಳಿಯುವಾಗ ನಮ್ಮ ಯಜಮಾನರು ಜಾಲಿಯ ಪೊದೆಗಳ ನಡುವಿಂದ ಕುಂಟುತ್ತ ಬಂದರು. ಮೈಯೆಲ್ಲ ತರಚಿತ್ತು. ಅಳುತ್ತ ನಿಂತ ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಅಗ್ಗ ಎಲ್ಲಮ್ಮಿ? ಎತ್ಗೊಳು ನೀರ್ ಕುಡುದ್ವಾ?"

ಪೇಪರಿನಲ್ಲಿ ಬಾಮೈದನ ಹೆಸರು ಬಂತು. ಅವನಿಗೆ ಸಭೆ ಸೇರಿಸಿ ಜರಿ ರುಮಾಲು ಸುತ್ತಿದರಂತೆ. ಸುದ್ದಿ ಕೇಳಿ ನಮ್ಮವರು, "ಸುತ್ಲಿ ಬುಡು, ನನ್ ಬೋಳ್ತಲೇಗೆ ಯಾತುಕ್ ರುಮಾಲು" ಎಂದು ನಕ್ಕು ಗದ್ದೆಗೆ ಹೋದರು. ನಾನು ಮಾತ್ರ ಒಳಗೊಳಗೇ ಬೆಂದೆ. ಅತ್ತೆ ನನ್ನನ್ನು ಹೊಗಳಿದರು, ಹೆಸರು ಹೇಳದೆ ಗಂಡನನ್ನು ಉಳಿಸಿಕೊಂಡಳು ಎಂದು. ಓರಗಿತ್ತಿ ಚುಚ್ಚಿದಳು, ಬಾಯಿದ್ದೂ ಮೂಗಿಯಾದಳು ಎಂದು. ಯಾರ ಮಾತನ್ನು ನಂಬಲಿ? ರಾಗಿ ಬೀಸುತ್ತಿದ್ದರೂ, ಕಳೆ ಕೀಳುತ್ತಿದ್ದರೂ ಅದೇ ಕೊರೆತ. ಅವರ ಪ್ರಾಣ ಉಳಿಯಿತು, ಅವರ ಹೆಸರನ್ನು ನಾನೇ ಹೊಳೆಗೆ ಬಿಟ್ಟೆ...

ಒಂದು ತಿಂಗಳಾಗಿರಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಆ ದೊಡ್ಡ ಕೋಟು ನಮ್ಮ ಹಟ್ಟಿಯ ಮುಂದೆ ನಿಂತಿತ್ತು. ಊರಿನ ಹೆಸರೊಂದನ್ನೇ ಹಿಡಿದು, ಕೇಳಿಕೊಂಡು ಕೇಳಿಕೊಂಡು, ಬನ್ನೂರಿನಿಂದ ನಡೆದು ಬಂದಿದ್ದರು. ಮಜ್ಜಿಗೆ ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಅಂಗಳದಲ್ಲಿ ಆಚೀಚೆ ನಡೆದರು.

"ಅವನ ಜುಟ್ಟು ಒಣಗಿತ್ತು ಅಕ್ಕ" ಎಂದರು ಕೊನೆಗೆ. "ನಾನದನ್ನ ನೋಡ್ದೆ. ನೋಡಿಯೂ ಬರೆದೆ. ಟಪಾಲು ಹೊರಟಿತ್ತು, ಮೊದಲ ಸಲ ಬೇರೆ. ಬರಿಗೈಲಿ ಹೋದರೆ ಇನ್ನೊಂದು ಸಲ ಕಳಿಸ್ತಾರೋ ಇಲ್ವೋ ಅಂತ..."

ತಿದ್ದುಪಡಿ ಹಾಕಿ ಎಂದು ಪೇಪರಿನ ಯಜಮಾನರನ್ನು ಕೇಳಿದ್ದರಂತೆ. ರುಮಾಲು ಸುತ್ತಿ ಆದ ಮೇಲೆ ಎಂಥ ತಿದ್ದುಪಡಿ ಎಂದು ಅವರು ಬೈದು ಕಳಿಸಿದ್ದರಂತೆ. ನಮ್ಮವರು ಗದ್ದೆಯಿಂದ ಬಂದರು, ಬಾಯಿತುಂಬ ತಮ್ಮ ಹೆಸರು ಹೇಳಿದರು. ಸ್ವಾಮಿ ಜಗಲಿಯ ಮೇಲೆ ಕೂತು, ಆ ದಿನದ ಸಂಗತಿಯನ್ನೆಲ್ಲ ಹೊಸದಾಗಿ ಒಂದು ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. "ಇದು ಅಚ್ಚಾಗೋದಿಲ್ಲ ಅಕ್ಕ. ಆದರೆ ನಿಜವಾಗಿ ನಡೆದದ್ದು ಇದು."

ಕೊಡುವಾಗ ಅವರ ತೋಳು ನನ್ನ ಮುಖದ ಹತ್ತಿರ ಬಂತು. ಅದೇ ಶಾಯಿಯ ವಾಸನೆ. ನನಗೆ ಓದು ಬರದು ಎಂದೆ. ಅವರು ನೆಲದ ಧೂಳಿನ ಮೇಲೆ ಬೆರಳಿಂದ ನಾಲ್ಕು ಅಕ್ಷರ ಬರೆದರು. "ಇದು ನಿಮ್ಮ ಯಜಮಾನರ ಹೆಸರು. ಬಾಯಲ್ಲಿ ಹೇಳಬೇಡಿ. ಬರೀರಿ. ಬರೆದರೆ ಆಯಸ್ಸು ಕಮ್ಮಿಯಾಗತ್ತೆ ಅಂತ ಯಾರೂ ಹೇಳಿಲ್ವಲ್ಲ?"

ಅತ್ತೆಯ ಕಡೆ ನೋಡಿದೆ. ಅತ್ತೆ ಧೂಳಿನ ಅಕ್ಷರಗಳನ್ನು ಬಗ್ಗಿ ನೋಡಿ, "ಬರ್ಯಾದ್ಕೆ ಏನೂ ಇಲ್ಲ ಕನವ್ವ, ನಮ್ ಕಾಲ್ದಲ್ಲಿ ಯಾರ್ ಬರೀತಿದ್ರು" ಎಂದರು. ಹಾಗೆ ನನ್ನ ಓದು ಅ ಆ ಇ ಈ ಬಿಟ್ಟು ನೇರವಾಗಿ 'ಬೋ' ಅಕ್ಷರದಿಂದ ಶುರುವಾಯಿತು. ಬೋರೇಗೌಡ. 'ಗೌ' ಬರೆಯುವುದಕ್ಕೇ ಮೂರು ದಿನ ಹಿಡಿಯಿತು.

ಆಮೇಲೆ ಎರಡು ವರ್ಷ, ಆ ಕಡೆ ಬಂದಾಗಲೆಲ್ಲ ಅವರು ನಮ್ಮ ಮನೆಗೆ ಬಂದರು. ಬಂದರೆ ಕೂರುವುದು ಅಪರೂಪ, ನಿಂತುಕೊಂಡೇ ನನ್ನ ಪಾಠ ಕೇಳುತ್ತಿದ್ದರು. ಆ ಹಾಳೆಯೇ ನನ್ನ ಪುಸ್ತಕ. ಪೂರ್ತಿ ಓದಿ ಒಪ್ಪಿಸಿದ ದಿನ ತಮ್ಮ ಪೆನ್ಸಿಲನ್ನೇ ಕೊಟ್ಟುಬಿಟ್ಟರು. ಅದೇ ಕೊನೆ... ಮೈಸೂರಿನಲ್ಲಿ ಪ್ಲೇಗು ಬಂತು, ಊರಿಗೂರೇ ಮನೆ ಬಿಟ್ಟು ಗುಡಿಸಲು ಹಾಕಿಕೊಂಡಿತು ಎಂದು ಕೇಳಿದೆವು. ಅವರು ಮತ್ತೆ ಬರಲಿಲ್ಲ. ಒಂದು ವರ್ಷ ಕಾದು, ನಾನೂ ನಮ್ಮವರೂ ಮೈಸೂರಿಗೆ ಹೋಗಿ ಆ ಪೇಪರಿನ ಅಚ್ಚುಕೂಟ ಹುಡುಕಿದೆವು. ಮೇಜಿನ ಹಿಂದೆ ಒಬ್ಬ ಗುಮಾಸ್ತ ಇದ್ದ. ಕನ್ನಡಕಕ್ಕೆ ದಾರ ಸುತ್ತಿದವರು, ಕರೀ ಕೋಟಿನವರು, ನಿಂತಲ್ಲಿ ನಿಲ್ಲದವರು ಎಂದೆಲ್ಲ ಹೇಳಿದೆ.

"ಹೆಸರು ಹೇಳಮ್ಮ" ಎಂದ ಅವನು. "ಇಲ್ಲಿಗೆ ಬರೋ ಹುಡುಗರು ಎಷ್ಟೋ ಜನ. ಹೆಸರು ಹೇಳದೆ ಹೇಗೆ ಹುಡುಕ್ಲಿ?"

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೊಳೆಯ ದಡದಲ್ಲಿ ನಿಂತ ಹಾಗೆಯೇ ನಿಂತಿದ್ದೆ. ಅವತ್ತು ಹೆಸರು ನಾಲಿಗೆಯ ಮೇಲಿತ್ತು, ನಾನು ಹೇಳಲಿಲ್ಲ. ಇವತ್ತು ಹೇಳಲು ಬಾಯಿ ತೆರೆದಿದ್ದೆ, ಹೆಸರೇ ಇರಲಿಲ್ಲ. ಎರಡು ವರ್ಷ ನಮ್ಮ ಮನೆಯ ಮಜ್ಜಿಗೆ ಕುಡಿದವರನ್ನು, ಸ್ವಾಮಿ, ನಿಮ್ಮ ಹೆಸರೇನು ಎಂದು ಒಂದು ದಿನವೂ ಕೇಳಿರಲಿಲ್ಲ...

ನನ್ನ ಮೊಮ್ಮಗಳು ಆ ಹಾಳೆ ನೋಡಿಕೊಂಡೇ ಬೆಳೆದವಳು. ನರಸೀಪುರದ ಅದೇ ಹೆಣ್ಣುಮಕ್ಕಳ ಶಾಲೆಗೆ ಹೊಸ ಕೊಠಡಿ ಕಟ್ಟಿದ್ದಾರೆ, ಅದನ್ನು ತೆರೆಯುವ ಸಮಾರಂಭಕ್ಕೆ ಅವಳನ್ನು ಕಳಿಸಿದ್ದರು. ಅಧಿಕಾರಿಗಳ ಹೆಸರಿನ ಜೊತೆಗೆ ಗೋಡೆ ಕಟ್ಟಿದವರ, ಇಟ್ಟಿಗೆ ಹೊತ್ತವರ ಹೆಸರನ್ನೂ ಕೇಳಿ ಕೇಳಿ ಬರೆದಿದ್ದಾಳೆ. ಅಂದು ಹರಿಗೋಲಿನಲ್ಲಿದ್ದ ಹುಡುಗಿಯೊಬ್ಬಳು ಈಗ ಅಲ್ಲೇ ಉಪಾಧ್ಯಾಯಿನಿ. ಆಕೆ ಈ ಮನೆಗೆ ಬಂದು ನಮ್ಮವರನ್ನು ನೋಡಿ, ಮಾತಾಡಿಸಿ, ಹಗ್ಗ ಕಟ್ಟಿದವರು ಇವರೇ ಎಂದು ಗುರುತು ಹಿಡಿದ ಮೇಲೆಯೇ ಮೊಮ್ಮಗಳು ಯಜಮಾನರ ಹೆಸರಿನ ಸಾಲು ಬರೆದದ್ದು. "ಅಜ್ಜಿ ಹೇಳಿದ್ದು ಅಂತ ಬರೆದ್ರೆ ಆಗೋದಿಲ್ಲ ಅಜ್ಜಿ" ಎಂದಿದ್ದಳು. ಕೋಪ ಬಂದಿತ್ತು ನನಗೆ. ಈಗ ಅದೂ ಹೆಮ್ಮೆಯೇ.

ಇವತ್ತು ದಿನವೆಲ್ಲ ಬಾಗಿಲಿಗೂ ಒಲೆಗೂ ಓಡಾಡಿದೆ. ಸಂಜೆಯ ರೈಲಿಗೆ ಬಂದಳು. ಯಜಮಾನರ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿದಳು. ಅವರಿಗೆ ಈಗ ಕಿವಿ ಮಂದ. ತಮ್ಮ ಹೆಸರು ಬಂದಾಗ "ಇನ್ನೊಂದ್ಸಲ ಓದವ್ವ" ಎಂದರು. ಮತ್ತೆ ಓದಿದಳು. ಆಮೇಲೆ ಪುಸ್ತಕ ತೆಗೆದು ನನ್ನ ಕಡೆ ತಿರುಗಿದಳು.

"ಅಜ್ಜಿ, ಆ ಪೇಪರಿನ ಸ್ವಾಮಿ ವಿಷಯಾನೂ ಬರೀಬೇಕು. ಅವರ ಹೆಸರು?"

ನಾನು ತಲೆ ಅಲ್ಲಾಡಿಸಿದೆ. ನಮ್ಮವರು ನಿಧಾನವಾಗಿ, "ನಮ್ಮೆಸ್ರಿಗೋಸ್ಕರ ಅಷ್ಟ್ ದೂರ ನಡ್ಕಂಡ್ ಬಂದ್ರು ಕಣವ್ವ. ಅವ್ರೆಸ್ರು ಕೇಳ್ಬೇಕು ಅಂತ ನಮ್ಗ್ ತೋಚ್ಲೇ ಇಲ್ಲ" ಎಂದರು. ಮೊಮ್ಮಗಳು ಒಂದು ಸಾಲನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು. ಸೊಸೆ ಎಲೆ ಹಾಕಿದಳು. ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಎಲ್ಲರೂ ಒಟ್ಟಿಗೆ ಕೂತೆವು. ನನ್ನ ಓಡಾಟದಲ್ಲಿ ಒಬ್ಬಟ್ಟಿನ ಸಾರು ತಳ ಹಿಡಿದಿತ್ತು. "ಸಾರು ಸೀದೈತೆ" ಎಂದರು ಯಜಮಾನರು, ಎಲೆಯ ಅನ್ನಕ್ಕೆ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತ. ಮೊಮ್ಮಗಳು ನಕ್ಕಳು, ಮಗ ನಕ್ಕ, ನಾನೂ ನಕ್ಕೆ, ಕಣ್ಣೊರೆಸಿಕೊಂಡು ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ತುಪ್ಪ ಬಡಿಸಿ, ನನ್ನ ಎಲೆಯ ಮುಂದೆ ಕೂತು ಉಂಡೆ.