ಎಮ್ಮೆಗೆ ಮಂಜೂರಾದ ರಿಫಂಡು

ನಮ್ಮ ಬಳಗಕ್ಕೆಲ್ಲ ಇರುವುದು ಒಂದೇ ಇಮೇಲ್, ಅದು ನನ್ನದು. ಮಾನ್ವಿಯ ಶಾಲೆಗೆ ಅಕ್ಕೋರಾಗಿ ಸೇರಿದಾಗ ಮಾಡಿಸಿಕೊಂಡದ್ದು. ಆಮೇಲೆ ಅದು ಊರ ಬಾವಿಯಾಯಿತು, ಯಾರು ಬೇಕಾದರೂ ಬಂದು ಕೊಡ ಇಳಿಬಿಡಬಹುದು. ದೇವದುರ್ಗದಲ್ಲಿರುವ ಕಾಕಾನ ಪಿಂಚಣಿ, ಚಿಗವ್ವನ ಗ್ಯಾಸು, ಸಿರವಾರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಭಾವನ ತೆರಿಗೆ ರಿಟರ್ನು, ಎಲ್ಲದರ ಮೇಲೂ ನನ್ನ ವಿಳಾಸವೇ. ಝೆರಾಕ್ಸ್ ಅಂಗಡಿಯವನು "ಇಮೇಲ್ ಹೇಳ್ರಿ" ಎಂದರೆ ನಮ್ಮವರು ಮನೆದೇವರ ಹೆಸರು ಹೇಳಿದಷ್ಟು ಸಲೀಸಾಗಿ ಅದನ್ನು ಒಪ್ಪಿಸುತ್ತಾರೆ.

ಆ ಭಾನುವಾರ ನಾವೆಲ್ಲ ದೇವದುರ್ಗದಲ್ಲಿ ದೊಡ್ಡವ್ವನ ಮನೆಯಲ್ಲಿ ಸೇರಿದ್ದೆವು. ದೊಡ್ಡವ್ವ ನನ್ನ ತಂದೆಯ ಅಣ್ಣನ ಹೆಂಡತಿ, ಮನೆಯ ಹಿರೇ ಸೊಸೆ. ಅವಳ ಮೊಣಕಾಲು ಸವೆದು ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಗುರುವಾರ ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಗೊತ್ತಾಗಿತ್ತು. ಹೈದರಾಬಾದಿನಿಂದ ಬರುವ ಡಾಕ್ಟರು, ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ. ಎಷ್ಟೋ ವರ್ಷ ಹಾಲು ಮಾರಿ ಕೂಡಿಸಿದ ರೊಕ್ಕ ಅವಳ ಖಾತೆಯಲ್ಲಿತ್ತು. ಆಸ್ಪತ್ರೆಯಲ್ಲಿ ಅವಳ ಜೊತೆ ಯಾರಿರಬೇಕು, ರೊಟ್ಟಿ ಯಾರು ಒಯ್ಯಬೇಕು ಎಂದು ಮಾತಾಡುತ್ತ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದಾಗ ನನ್ನ ಫೋನು ಗುಂಯ್ ಎಂದಿತು.

ಇಮೇಲ್ ಬಂದಿತ್ತು, ಓದಿ ಹೇಳಿದೆ. ಪ್ರಿಯ ತೆರಿಗೆದಾರರೇ, ನಿಮಗೆ ತೆರಿಗೆ ಮರುಪಾವತಿ ಮಂಜೂರಾಗಿದೆ. ಇಂದು ಸಂಜೆಯೊಳಗೆ ಕೆಳಗಿನ ಲಿಂಕ್ ಒತ್ತಿ ಪಡೆದುಕೊಳ್ಳಿ, ತಪ್ಪಿದರೆ ಹಣ ಸರಕಾರಕ್ಕೇ ಉಳಿಯುತ್ತದೆ. ಕೆಳಗೆ ಮೊತ್ತವಿತ್ತು, ಪೈಸೆಯ ಸಮೇತ.

"ಅದು ನಂದು," ಎಂದರು ಭಾವ, ಬಾಯಲ್ಲಿ ಮಿರ್ಚಿ ಇದ್ದಂತೆಯೇ. "ಅಂಗಡಿ ಟ್ಯಾಕ್ಸ್ ಕಟ್ಟೋನು ನಾನು."

"ನೀ ಕಟ್ಟೋದು ನಮಗ ಗೊತ್ತಿಲ್ಲೇನಪಾ?" ಎಂದ ಕಾಕಾ. "ನನ್ನ ಪಗಾರದಾಗ ಮೂವತ್ತು ವರ್ಷ ಹಿಡಕೊಂಡಾರ. ಈಗ ಮನಸ್ಸು ಕರಗಿ ಕೊಡಾಕತ್ತಾರ. ಅದು ನಂದು."

ಚಿಗವ್ವ ಒಲೆಯ ಕಡೆಯಿಂದಲೇ ಕೂಗಿದಳು, "ನಾ ಏನು ಪುಕ್ಕಟೆ ತಂದೀನೇನು? ಸೋಪು, ಚಹಾಪುಡಿ, ಬೆಂಕಿಪೊಟ್ಣ, ಎಲ್ಲಾದಕ್ಕೂ ಟ್ಯಾಕ್ಸ್ ಕೊಟ್ಟೀನಿ. ನನಗೂ ಪಾಲು ಬರ್ತದ."

ಇಮೇಲಿನಲ್ಲಿ ಹೆಸರೇ ಇರಲಿಲ್ಲ, ತಂಟೆ ಅಲ್ಲೇ ಹುಟ್ಟಿತು. ಹೆಸರಿಲ್ಲದ ಲಗ್ನಪತ್ರಿಕೆ ಬಂದರೆ ಓಣಿಯವರೆಲ್ಲ ಊಟಕ್ಕೆ ಹೊರಟಂತೆ. ಕಳಿಸಿದವರ ವಿಳಾಸ ನೋಡಿದರೆ ಅದೂ ವಿಚಿತ್ರ, ಯಾವುದೋ ಅಕ್ಷರ, ಯಾವುದೋ ಅಂಕಿ, ಕೋಳಿ ಕೆದರಿದ ಹಾಗೆ.

"ಕಾಕಾ, ಇದು ಖರೇ ಅದನೋ ಸುಳ್ಳದನೋ..." ಎಂದೆ.

"ಸುಳ್ಳು ಬರಿಯಾವ ಪೈಸಾ ಯಾಕ ಬರಿತಾನಬೇ? ಸುಳ್ಳು ಯಾವಾಗಲೂ ಸರಳ ಲೆಕ್ಕದಾಗ ಇರ್ತದ," ಎಂದ ಕಾಕಾ. ಈ ತರ್ಕಕ್ಕೆ ಭಾವ ಕೂಡ ತಲೆಯಾಡಿಸಿದರು. ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಭಾವ ಆ ಇಮೇಲನ್ನು ತಮ್ಮ ಫೋನಿಗೂ ಹಾಕಿಸಿಕೊಂಡರು. ಜಗಳ ಅಡುಗೆಮನೆಯಿಂದ ಕಟ್ಟೆಗೆ ಹೋಗಿ ಮತ್ತೆ ಒಳಗೆ ಬಂತು. ಕಡೆಗೆ ಕಾಕಾನೇ ನಮ್ಮ ಮನೆತನದ ಹಳೆಯ ಕಟ್ಟಳೆ ನೆನಪಿಸಿದ. ಯಾವ ವಸ್ತುವಿಗೆ ತಂಟೆ ಬರುತ್ತದೋ ಅದನ್ನು ಹಿರೇ ಸೊಸೆಯ ಉಡಿಗೆ ಹಾಕಬೇಕು. ತಂಟೆ ತೀರುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ಹಿಂದೆ ಅಜ್ಜನ ತಾಮ್ರದ ಕೊಪ್ಪರಿಗೆಗೆ ಹಾಗೇ ಮಾಡಿದ್ದರು, ಆ ತಂಟೆ ಇನ್ನೂ ತೀರಿಲ್ಲ.

"ಅತ್ತಿಗಿ ಹೆಸರು ಹಾಕು. ಅತ್ತಿಗಿ ಖಾತೆಗೆ ಬರ್ಲಿ. ಆಮ್ಯಾಲೆ ಕುಂತು ಮಾತಾಡೋಣು," ಎಂದ ಕಾಕಾ.

ಇದಕ್ಕಿಂತ ನ್ಯಾಯವಾದ ತೀರ್ಮಾನ ಇನ್ನೊಂದಿಲ್ಲ ಎಂದು ಎಲ್ಲರಿಗೂ ಅನಿಸಿತು, ನನಗೂ ಅನಿಸಿತು. ಅಲ್ಲಿದ್ದ ಎಲ್ಲರಿಗೂ ಖಾತೆಗಳಿದ್ದವು. ಆಪರೇಶನ್ನಿನ ರೊಕ್ಕ ಇದ್ದ ಒಂದೇ ಖಾತೆಯನ್ನು ನಾವು ನ್ಯಾಯ ನೋಡಿ ಆರಿಸಿದೆವು.

ಲಿಂಕ್ ಒತ್ತಿದೆ. ಸಿಂಹದ ಮುದ್ರೆ, ನೀಲಿ ಪಟ್ಟಿ, ಎಲ್ಲ ಸರಕಾರಿ ಠೀವಿಯಲ್ಲೇ ಇತ್ತು. ಹೆಸರು ಕೇಳಿತು, ದೊಡ್ಡವ್ವನ ಹೆಸರು ಬರೆದೆ. ಅಭಿನಂದನೆ ಹೇಳಿ ಕಾರ್ಡಿನ ಸಂಖ್ಯೆ ಕೇಳಿತು. ದೊಡ್ಡವ್ವ ಸೊಂಟದ ಸಂಚಿಯಿಂದ ಎಲೆ ಅಡಿಕೆಯ ಜೊತೆ ಕಾರ್ಡು ತೆಗೆದುಕೊಟ್ಟಳು. ಸುಣ್ಣ ಒರೆಸಿ ಸಂಖ್ಯೆ ಹಾಕಿದೆ, ಹಿಂದಿನ ಮೂರು ಅಂಕಿಯನ್ನೂ ಹಾಕಿದೆ. ಈಗ ದೊಡ್ಡವ್ವನ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ತುಂಬಿ ಎಂದಿತು. ಅವಳ ಸಿಮ್ಮಿಗೆ ಆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕಾಕಾ ಅವಳ ಗುಂಡಿ ಫೋನು ಹಿಡಿದು ಮಾಳಿಗೆ ಹತ್ತಿದ.

ಅಷ್ಟರಲ್ಲಿ ಭಾವನಿಗೆ ತಡೆಯಲಾಗಲಿಲ್ಲ. ತಮ್ಮ ಫೋನಿನಲ್ಲಿ ಅದೇ ಲಿಂಕ್ ತೆರೆದು ತಮ್ಮ ಹೆಸರು ಬರೆದರು. ಮಂಜೂರು! ಮೊತ್ತ ಅದೇ, ಪೈಸೆಯೂ ಅದೇ. "ನೋಡ್ರಿ, ನಾ ಅಂದಿದ್ದಿಲ್ಲ?" ಎಂದರು.

"ನಂದೂ ಹಾಕ್ರಿ," ಎಂದಳು ಚಿಗವ್ವ. ಹಾಕಿದರು. ಮಂಜೂರು, ಅದೇ ಪೈಸೆ.

ಚಿಗವ್ವ ಕುಣಿಯುವುದೊಂದು ಬಾಕಿ. ಭಾವನ ಮುಖ ಮಾತ್ರ ಹುಳ್ಳಗಾಯಿತು, ತಮಗೆ ಬಂದದ್ದು ಚಿಗವ್ವನಿಗೂ ಬರುವುದು ಅವರಿಗೆ ಸೇರಲಿಲ್ಲ. "ಹಂಗಾದ್ರ ಎಮ್ಮಿಗೂ ಬರ್ತದ ಬಿಡ್ರಿ!" ಎಂದು ಕುಹಕವಾಡಿ, ಹಿತ್ತಲಲ್ಲಿ ಮೆಲುಕು ಹಾಕುತ್ತಿದ್ದ ನಮ್ಮ ಎಮ್ಮೆಯ ಹೆಸರನ್ನು ಬರೆದೇಬಿಟ್ಟರು.

ಅಭಿನಂದನೆಗಳು. ನಿಮ್ಮ ಪ್ರಾಮಾಣಿಕ ತೆರಿಗೆ ಪಾವತಿಗೆ ದೇಶ ಋಣಿಯಾಗಿದೆ.

ಚಿಗವ್ವ ಗಂಭೀರವಾಗಿ, "ಡೈರಿಗೆ ಹಾಲು ಹಾಕ್ತದಲ್ಲ, ಅಲ್ಲಿ ಹಿಡಕೊಂಡಿರಬೇಕು," ಎಂದಳು.

ಹೆಸರಿಲ್ಲದ ಇಮೇಲು, ಕೆದರಿದ ವಿಳಾಸ, ಸಂಜೆಯ ಗಡುವು ಎಲ್ಲ ಈಗ ಒಟ್ಟಿಗೆ ನನ್ನ ಕಣ್ಣಿಗೆ ಬಿದ್ದವು. ರಿಟರ್ನು ತುಂಬುವಾಗಲೇ ಬ್ಯಾಂಕ್ ಖಾತೆ ಕೊಟ್ಟಿರುತ್ತೇವೆ, ರಿಫಂಡು ಬಂದರೆ ನೇರ ಅಲ್ಲಿಗೇ ಬೀಳುತ್ತದೆ. ಕೊಡುವವನಿಗೆ ನಮ್ಮ ಕಾರ್ಡು ಯಾಕೆ ಬೇಕು?

"ಇದು ಮೋಸ ಅದ!" ಎಂದು ನಾನು ಚೀರುವುದಕ್ಕೂ ಮಾಳಿಗೆಯ ಮೇಲಿಂದ ಕಾಕಾ ಕೂಗುವುದಕ್ಕೂ ಸರಿಹೋಯಿತು.

"ಬಂತು! ಬರಕೋ! ನಾಕು! ಏಳು!"

"ಕಾಕಾ, ಹೇಳಬ್ಯಾಡ್ರಿ!"

"ಕೇಳವಲ್ದೇನು? ನಾಆಆಕು! ಏಏಏಳು! ಎರಡು!"

ಎದುರು ಮನೆಯಾಕೆ, "ಅಕ್ಕೋರೇ, ನಾಕು ಏಳು ಎರಡು ಅನ್ನಾಕತ್ತಾರ್ರೀ!" ಎಂದು ಕಿಟಕಿಯಿಂದ ನನಗೆ ಮುಟ್ಟಿಸಿದಳು. ನಾನು ಕಾಕಾನ ಬಾಯಿ ಮುಚ್ಚಿಸಲು ನನ್ನ ಫೋನನ್ನು ಚಾಪೆಯ ಮೇಲೆ ಬಿಟ್ಟು ಮೆಟ್ಟಿಲಿಗೆ ಓಡಿದೆ. ಹಿಂತಿರುಗಿ ನೋಡಿದರೆ, ಉಪಕಾರಕ್ಕೆಂದು ಚಿಗವ್ವ ಫೋನಿನ ಕಡೆ ಕೈ ಚಾಚಿದ್ದಾಳೆ. "ನೀ ಹೋಗಿ ಕೇಳ್ಕೊಂಡು ಬಾ, ಅಲ್ಲೀತನ ನಾ ಒತ್ತಿರ್ತೀನಿ," ಎಂದಳು.

ಅವಳ ಕೈಗಿಂತ ಮೊದಲು ದೊಡ್ಡವ್ವನ ಕೈ ಹೋಯಿತು. ಫೋನನ್ನು ಎತ್ತಿ ಸೀರೆಯ ಉಡಿಗೆ ಹಾಕಿ ಗಂಟು ಬಿಗಿದಳು. "ಅಕ್ಕೋರು ಮೋಸ ಅಂತಾಳ, ನೀನು ಅಲ್ಲ ಅಂತಿ. ತಂಟೆ ಬಂತಿಲ್ಲ? ಉಡಿಯಾಗ ಬಿದ್ದದ್ದು ಯಾರೂ ಮುಟ್ಟಾಂಗಿಲ್ಲ."

ಚಿಗವ್ವ ಕೈ ಹಿಂದೆಗೆದಳು. ಕಟ್ಟಳೆಯೆಂದರೆ ಕಟ್ಟಳೆ. ಕಾಕಾ ಮಾತ್ರ ಮಿಕ್ಕ ಮೂರು ಅಂಕಿಗಳನ್ನೂ ದೇವದುರ್ಗಕ್ಕೆಲ್ಲ ಸಾರಿದ ಮೇಲೆಯೇ ಇಳಿದದ್ದು. ನಾನು ಅವನಿಂದ ಫೋನು ಇಸಿದುಕೊಂಡು ಆ ಓಟಿಪಿ ಮೆಸೇಜನ್ನು ಓದಿದೆ. ರೊಕ್ಕ ಬರುವ ಮಾತು ಅಲ್ಲಿರಲಿಲ್ಲ. ದೊಡ್ಡವ್ವನ ಖಾತೆಯಿಂದ ಹೊರಗೆ ಹೋಗುವ ಮೊತ್ತವಿತ್ತು, ಹೆಚ್ಚುಕಡಿಮೆ ಅವಳ ಮೊಣಕಾಲಿನ ಖರ್ಚಿನಷ್ಟೇ.

ದೊಡ್ಡವ್ವನ ಫೋನು ಹಿಡಿದು ಮಾಳಿಗೆ ಹತ್ತಿ, ಕಾರ್ಡಿನ ಹಿಂದಿದ್ದ ಬ್ಯಾಂಕಿನ ಸಂಖ್ಯೆಗೇ ಫೋನು ಹಚ್ಚಿದೆ. ಖಾತೆದಾರರೇ ಮಾತಾಡಬೇಕು ಎಂದರು. ದೊಡ್ಡವ್ವನನ್ನು ಕುರ್ಚಿಯ ಸಮೇತ ಕಾಕಾ, ಭಾವ ಮೇಲೆ ಹೊತ್ತು ತಂದರು.

"ತಾವು ಹುಟ್ಟಿದ ತಾರೀಖು ಹೇಳಿ ಮೇಡಂ," ಎಂದಿತು ಆ ಕಡೆಯ ದನಿ.

"ಜ್ವಾಳದ ರಾಶಿ ನಡದಿತ್ತಂತವ್ವಾ. ನಮ್ಮವ್ವ ರೊಟ್ಟಿ ಬುತ್ತಿ ಹೊತ್ಕೊಂಡು ಹೊಲಕ್ಕ ಹೊಂಟಿದ್ಲಂತ..."

ನಮ್ಮ ಕಡೆಯ ಮುದುಕಿಯರೆಲ್ಲ ಆಧಾರ್ ಕಾರ್ಡಿನಲ್ಲಿ ಜನವರಿ ಒಂದಕ್ಕೇ ಹುಟ್ಟಿದ್ದಾರೆ, ಅದನ್ನು ಕಿವಿಯಲ್ಲಿ ಹೇಳಿಕೊಟ್ಟೆ. ಕಾರ್ಡು ಬಂದ್ ಆಯಿತು. ರೊಕ್ಕ ಹೋಗಿಲ್ಲ ಎಂದರು. ದೊಡ್ಡವ್ವ ಆ ಹುಡುಗಿಗೆ, "ಊಟ ಆತೇನವ್ವಾ?" ಎಂದು ಕೇಳಿಯೇ ಫೋನು ಇಟ್ಟಳು. ಸೈಬರ್ ಸಹಾಯವಾಣಿಗೂ ಹೇಳಿ, ಉಡಿಯಿಂದ ನನ್ನ ಫೋನು ಬಿಡಿಸಿಕೊಂಡು ಆ ಇಮೇಲನ್ನು ಮೋಸವೆಂದು ಗುರುತು ಹಾಕಿ ಅಳಿಸಿದೆ. ಅಳಿಸುವಾಗ ಕಾಕಾ, "ಖರೇ ಇದ್ರೂ ಇರಬಹುದು, ಒಂದು ಮಾತು ಕೇಳಿ ನೋಡಿದ್ರ..." ಎಂದ.

ಮರುದಿನ ಶಾಖೆಗೆ ಹೋಗಿ, ಕಾರ್ಡಿಲ್ಲದೆ ಚೀಟಿ ತುಂಬಿ ರೊಕ್ಕ ತೆಗೆಸಿದೆವು. ಗುರುವಾರ ಆಪರೇಶನ್ ಆಯಿತು.

ಶನಿವಾರ ರಾಯಚೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ ದೊಡ್ಡವ್ವನನ್ನು ವಾಕರ್ ಹಿಡಿಸಿ ನಡೆಸುತ್ತಿದ್ದರು. ಒಂದು ಕಡೆ ನಾನು, ಒಂದು ಕಡೆ ನರ್ಸು. ಹೊಸ ಮೊಣಕಾಲಿನ ಮೇಲೆ ಭಾರ ಬಿದ್ದ ಕೂಡಲೇ ದೊಡ್ಡವ್ವ ಹಲ್ಲು ಕಚ್ಚಿ, "ಆ ಭಾಡ್ಯಾ ಎಲ್ಲೇ ಇರ್ಲಿ, ಅವನ ಮೊಣಕಾಲು ಹಿಡಕೊಳ್ಲಿ!" ಎಂದಳು.

"ಯಾರವ್ವ ಅವ?" ಎಂದಳು ನರ್ಸು.

"ನಮ್ಮ ಎಮ್ಮಿಗೆ ರೊಕ್ಕ ಕೊಡ್ತೀನಿ ಅಂದಾವ."

ನರ್ಸು ನನ್ನತ್ತ ನೋಡಿದಳು, ಮದ್ದಿನ ಅಮಲು ಇನ್ನೂ ಇಳಿದಿಲ್ಲವೇನೋ ಎಂಬಂತೆ. ನಾನು ನಡೆದದ್ದನ್ನು ಹೇಳಿದೆ. ಕೇಳುತ್ತ ಕೇಳುತ್ತ ಅವಳ ನಗು ಮಾಯವಾಯಿತು. ಜೇಬಿನಿಂದ ಫೋನು ತೆಗೆದು, "ಅಕ್ಕಾರೀ, ನನಗೂ ಇವತ್ತು ಮುಂಜಾನೆ ಒಂದು ಬಂದದ ನೋಡ್ರಿ. ಒತ್ತಬೇಕಂತ ಮಾಡಿದ್ದೆ," ಎಂದಳು.

"ತೋರ್ಸು, ತೋರ್ಸು. ಮೊದಲು ನಿನ್ನ ಹೆಸರು ಅದನೋ ಇಲ್ಲೋ ನೋಡು. ಈ ಕಳಿಸಿದವರ ವಿಳಾಸ ನೋಡು..."

ಇಬ್ಬರ ತಲೆಯೂ ಫೋನಿನೊಳಗೆ ಹೊಕ್ಕಿತು. ಅಷ್ಟರಲ್ಲಿ ಪಡಸಾಲೆಯ ನಡುವಿನಿಂದ ದೊಡ್ಡವ್ವನ ದನಿ ಕೇಳಿಸಿತು.

"ನನ್ನ ಹಿಡೀರ್ಬೇ ಯಾರಾದ್ರೂ!"