ಭೂಮಿಯ ಜ್ವರ ನೋಡುತ್ತಿದ್ದ ಮಾಸ್ತರು

ಫಕ್ಕೀರಪ್ಪ ಮಾಸ್ತರು ನನ್ನ ಅಂಗಡಿಗೆ ಬಂದರೆ ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಬಗ್ಗಿ, ಮಗುವಿನ ಹಣೆ ಮುಟ್ಟುವ ಹಾಗೆ, ಅಂಗಳದ ಮಣ್ಣಿನ ಮೇಲೆ ಅಂಗೈ ಇಡುತ್ತಿದ್ದರು. "ಭೂಮಿಗೂ ಜ್ವರ ಬರ್ತಾವಲೇ ತಮ್ಮಾ," ಎನ್ನುವರು. ಲಕ್ಷ್ಮೇಶ್ವರದ ಪೇಟೆಗೆ ಬೀಜ, ಗೊಬ್ಬರ ಒಯ್ಯಲು ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಶಿರಹಟ್ಟಿಯ ಶಾಲೆಯಲ್ಲಿ ನನಗೆ ಭೂಗೋಳ ಕಲಿಸಿದವರು ಅವರೇ. ನಿವೃತ್ತರಾದ ಮೇಲೆ ಅವರಿಗೆ ಒಂದೇ ಹುಚ್ಚು. ಭೂಕಂಪಕ್ಕೆ ಕೆಲವು ದಿನ ಮೊದಲು ಆ ಜಾಗದ ಮೇಲಿನ ಗಾಳಿ ಕಾವೇರುತ್ತದೆ, ಉಪಗ್ರಹಕ್ಕೆ ಅದು ಕಾಣುತ್ತದೆ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಇನ್ನು ಕೆಲವರು ಒಪ್ಪುವುದಿಲ್ಲ. "ಅವರು ಜಗಳಾಡ್ಲಿ. ನಾವು ದಿನಾ ನೋಡಿ ಬರದಿಡೂಣು. ಖರೆ ಇದ್ರ ಎಷ್ಟ ಜೀವ ಉಳೀತಾವ!" ಎನ್ನುವರು ಮಾಸ್ತರು. ಉತ್ತರದ ಗುಡ್ಡಗಾಡಿನಲ್ಲಿ ಆಗಾಗ ನೆಲ ನಡುಗುವ ಒಂದು ಜಾಗವನ್ನು ಅವರೇ ಆರಿಸಿಕೊಂಡರು. ಆದರೆ ಕಣ್ಣು ಮಂಜಾಗಿ ಮೊಬೈಲಿನಲ್ಲಿ ಕಾವು ತೋರಿಸುವ ಬಣ್ಣ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಉಪಗ್ರಹದ ನಕಾಶೆ ನೋಡಿ ನಾನು ಹೇಳಬೇಕು, ಅವರು ದಪ್ಪ ಅಕ್ಷರದಲ್ಲಿ ವಹಿಯಲ್ಲಿ ಬರೆದುಕೊಳ್ಳಬೇಕು.

ಎರಡು ವರ್ಷ ಸರಿಯಾಗಿಯೇ ನೋಡಿದೆ; ಆಗ ಅಲ್ಲಿ ದೊಡ್ಡ ಭೂಕಂಪವೇನೂ ಆಗಲಿಲ್ಲ. ಆಮೇಲಿನ ಮುಂಗಾರಿನಲ್ಲಿ ಹೆಸರು, ಶೇಂಗಾ ಬೀಜಕ್ಕೆ ಜನ ಮುಗಿಬಿದ್ದಿದ್ದರು. "ಇವತ್ತ ಹ್ಯಾಂಗೈತಿ?" ಎಂದರು ಮಾಸ್ತರು. ಮೊಬೈಲು ಕಿಸೆಯಿಂದ ತೆಗೆಯದೆ "ಏನೂ ಇಲ್ರಿ ಸರ್" ಎಂದೆ. ಮರುದಿನವೂ ಅದೇ ಮಾತು. ಹನ್ನೆರಡು ದಿನ ಹೀಗೆ ಸಾಗಹಾಕಿದೆ.

ಹದಿಮೂರನೆಯ ದಿನ ಆ ಗುಡ್ಡಗಾಡಿನಲ್ಲಿ ಭೂಮಿ ಜೋರಾಗಿ ನಡುಗಿತು.

ಮಾಸ್ತರು ವಹಿ ಹಿಡಿದು ಬಂದರು. ಅಂದು ನೆಲ ಮುಟ್ಟಲಿಲ್ಲ. "ಹನ್ನೆರಡ ದಿನ ನೀ ನೋಡಿದ್ದಿ, ಒಂದ ದಿನನೂ ಕಾವು ಏರಿಲ್ಲ. ನಾನ ತಪ್ಪು ತಿಳಕೊಂಡಿದ್ದೆ ತಮ್ಮಾ. ಆತು ಬಿಡು. ಕಡೀ ಸಾಲು ನೀನ ಬರಿ." ಅಂಗಡಿ ತುಂಬ ಜನರಿದ್ದರು. ಅವರು ಹೇಳಿದಂತೆ ಬರೆದೆ: 'ಭೂಕಂಪಕ್ಕೆ ಮೊದಲು ಕಾವು ಕಾಣಲಿಲ್ಲ. ನನ್ನ ಎಣಿಕೆ ಸುಳ್ಳು.' "ನೋಡಿದಾವ ನೀನು, ನಿನ್ನ ಸಹಿ ಹಾಕು," ಎಂದರು. ಹಾಕಿದೆ.

ಅವರು ಹೋದ ಮೇಲೆ ಆ ದಿನಗಳ ಹಳೆಯ ನಕಾಶೆಗಳನ್ನು ತೆಗೆದೆ. ಐದನೆಯ ದಿನದಿಂದ ಎಂಟನೆಯ ದಿನದವರೆಗೆ ಅಲ್ಲಿ ಕಾವು ಏರಿದ ಕೆಂಪು ಕಲೆ ಇತ್ತು. ಭೂಕಂಪದ್ದೋ, ಬರೀ ಬಿಸಿಲಿನದ್ದೋ ನನಗೆ ತಿಳಿಯದು. ಅದನ್ನು ಯೋಚಿಸುವ ಹಕ್ಕು ಅವರದಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೂ ಅವರು ಬರುತ್ತಿದ್ದರು, ಉಳ್ಳಾಗಡ್ಡಿ ದರ ಮಾತಾಡಿ, ಚಹಾ ಕುಡಿದು ಹೋಗುತ್ತಿದ್ದರು. ಚಪ್ಪಲಿ ಮಾತ್ರ ಬಿಡುತ್ತಿರಲಿಲ್ಲ. ಅದನ್ನು ನಾನು ಪ್ರತಿ ಸಲ ನೋಡುತ್ತಿದ್ದೆ. ಆದರೂ ಕೆಂಪು ಕಲೆಯ ಮಾತು ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ, ಎಲ್ಲರ ಹಾಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಮೂರು ದಿನದ ಮೇಲೆ ಅವರ ಸೊಸೆ ಅಂಗಡಿಗೆ ಬಂದು ಆ ವಹಿಯನ್ನು ನನ್ನ ಕೈಗಿಟ್ಟಳು.

"ನಿಮಗ ಕೊಡಂತ ಮಾವಾರು ಹೇಳಿದ್ರಿ. 'ಅಂವ ಒಂದ ದಿನನೂ ನೋಡೂದು ತಪ್ಪಿಸಿಲ್ಲ' ಅಂತಿದ್ರು."