ಎರ್ರಿಯ ನಗೆ ಕೈಕೊಟ್ಟ ಸಂಜೆ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಎರ್ರಿಗೆ ದೇವರು ಎರಡನ್ನು ಧಾರಾಳವಾಗಿ ಕೊಟ್ಟಿದ್ದ. ಒಂದು ಹೆಗಲು, ಇನ್ನೊಂದು ನಗೆ. ಹೆಗಲಿಗೆ ಕೂಲಿ ಸಿಗುತ್ತಿತ್ತು, ನಗೆಗೆ ಪುಕ್ಕಟೆ ಕುರ್ಚಿ.

ಕುರ್ಚಿಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಎರ್ರಿ ಅಕ್ಕಿ ಲಾರಿಯ ಜೊತೆ ಬಳ್ಳಾರಿಗೆ ಬಂದವನು, ಲೋಡು ಇಳಿಸಿದ ಮೇಲೆ ಹೊತ್ತು ಹೋಗದೆ, "ಹಾಸ್ಯ ಸಂಜೆ, ಟಿಕೆಟ್ ಮೂವತ್ತು ರೂಪಾಯಿ" ಎಂಬ ಬೋರ್ಡು ಕಂಡು ಒಂದು ಮಹಡಿಯ ಸಭಾಂಗಣ ಹತ್ತಿದ. ಒಳಗೆ ಇನ್ನೂರು ಜನ. ವೇದಿಕೆಯ ಮೇಲೆ ಒಬ್ಬ ಮಹಾಶಯ ಜೋಕು ಹೇಳಿ ಹೇಳಿ ಬೆವರುತ್ತಿದ್ದ. ಜನ ಮಾತ್ರ ತಿಥಿಯೂಟಕ್ಕೆ ಕೂತವರ ಹಾಗೆ ಕೂತಿದ್ದರು. ಆಗ ಎರ್ರಿಗೆ ಯಾವುದೋ ಒಂದು ಮಾತು ತಟ್ಟಿತು ನೋಡಿ! ಗಿರಣಿಯ ಯಂತ್ರ ಓಡುವಾಗ ಪಕ್ಕದವನ ಮಾತೇ ಪಕ್ಕದವನಿಗೆ ಕೇಳದು. ಅಂಥ ಕಡೆ ಮೂವತ್ತು ವರ್ಷ ನಕ್ಕವನ ನಗೆ ಸಣ್ಣಗಿರಲು ಸಾಧ್ಯವೇ, ನೀವೇ ಹೇಳಿ. ಅದು ಹೊಟ್ಟೆಯೊಳಗಿಂದ ಎದ್ದು, ಎದೆಯಲ್ಲಿ ಉರುಳಿ, ಬಾಯಿಂದ ಹೊರಬಿದ್ದು ಗೋಡೆಗೆ ಬಡಿಯಿತು. ಮುಂದಿನ ಸಾಲಿನವರು ಬೆಚ್ಚಿ ತಿರುಗಿದರು, ತಿರುಗಿ ನಕ್ಕರು. ಅವರನ್ನು ನೋಡಿ ಹಿಂದಿನವರು ನಕ್ಕರು. ಐದು ನಿಮಿಷದಲ್ಲಿ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡಿತ್ತು.

ಆ ಕಾರ್ಯಕ್ರಮ ನಡೆಸುವವರು ಜಂಬುನಾಥ ಮೇಷ್ಟ್ರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ತಿಂಗಳಿಗೊಮ್ಮೆ ಈ ಹಾಸ್ಯ ಸಂಜೆಯ ಉಸಾಬರಿ ಹಚ್ಚಿಕೊಂಡವರು. ಎರ್ರಿ ಮೆಟ್ಟಿಲಿಳಿಯುವಾಗ ಅವರು ಓಡಿ ಬಂದು ಕೈ ಹಿಡಿದುಕೊಂಡರು.

"ತಮ್ಮಾ, ಯಾವೂರು ನಿಂದು? ಪ್ರತಿ ತಿಂಗಳು ಬಾ. ಟಿಕೆಟ್ ಬ್ಯಾಡ, ಬಸ್ಸಿನ ಚಾರ್ಜು ನಂದು. ಮುಂದಿನ ಸಾಲಿನ ಮೂಲಿ ಕುರ್ಚಿ ನಿಂದ ಅಂತ ತಿಳಕೋ."

ಅಂದಿನಿಂದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಆದರೆ ಅಂದಿನಿಂದಲೇ ಎರ್ರಿಯ ತಲೆಯೊಳಗೆ ಒಂದು ಹುಳವೂ ಹೊಕ್ಕಿತು. ಜನ ನಗುವುದು ಜೋಕಿಗೋ, ತನ್ನ ನಗೆಗೋ? ಮೂಟೆ ಹೊರುವಾಗ ಇದೇ ಯೋಚನೆ, ಉಣ್ಣುವಾಗ ಇದೇ ಯೋಚನೆ. ಒಂದು ದಿನ ಗಿರಣಿಯಲ್ಲೇ ಕೆಲಸ ಮಾಡುವ ದಾದಾಪೀರನನ್ನು ಕೇಳಿಯೇಬಿಟ್ಟ.

"ನಿನ್ನ ಕೋಳಿ ಕೂಗಿದ್ರನಾ ಬೆಳಗಾಗತೈತಿ ಅಂತ ತಿಳದಿಯೇನಣ್ಣಾ?" ಎಂದು ದಾದಾಪೀರ್ ಮೂತಿ ತಿರುವಿದ.

ಸರಿ, ಅಷ್ಟಕ್ಕೆ ಮುಗಿಯಿತೆನ್ನುವಷ್ಟರಲ್ಲಿ ಮುಂದಿನ ತಿಂಗಳು ಎರ್ರಿ ನೆಂಟರ ಮದುವೆಗೆ ಹೋಗಬೇಕಾಯಿತು. ಆ ಸಲ ಹಾಸ್ಯ ಸಂಜೆಯಲ್ಲಿ ಶಕೀಲ್ ಎಂಬ ಹೊಸ ಹುಡುಗನಿಗೆ ಒಬ್ಬರೂ ನಗಲಿಲ್ಲವಂತೆ. ಅವನು ಮೈಕು ಇಟ್ಟು ಹೋದವನು ಮತ್ತೆ ವೇದಿಕೆ ಹತ್ತದೆ ಮೊಬೈಲ್ ರಿಪೇರಿ ಅಂಗಡಿ ತೆಗೆದನಂತೆ. ಸುದ್ದಿ ಕೇಳಿದ ಎರ್ರಿಗೆ ಅನ್ನ ಇಳಿಯಲಿಲ್ಲ. ಹಾಗಾದರೆ ಕೋಳಿಯಿಂದಲೇ ಬೆಳಗಾಗುವುದೋ ಏನೋ! ಪರೀಕ್ಷೆ ಮಾಡಿ ನೋಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಹೋಗದಿದ್ದರೆ ಅಲ್ಲೇನು ನಡೆಯಿತೆಂದು ಕಣ್ಣಾರೆ ಕಾಣುವುದಿಲ್ಲ, ಹೋದರೆ ನಗೆ ತಡೆಯುವುದು ಅವನ ಕೈಲಾಗುವುದಿಲ್ಲ.

ಹೀಗಿರುವಾಗ ಕಳೆದ ಫೆಬ್ರವರಿಯಲ್ಲಿ ಮೇಷ್ಟ್ರ ಫೋನು ಬಂತು.

"ಎರ್ರೀ, ಈ ಶನಿವಾರ ಕುರುಗೋಡಿನ ಹುಡುಗಿ ಬರಾಕತ್ಯಾಳ, ಖುಷ್ಬೂ ಅಂತ. ಮೊದಲನೇ ಸಲ. ಮನ್ಯಾಗ ಭಾಳ ಜಗಳಾಡಿ ಒಪ್ಪಿಸ್ಯಾಳಪಾ. 'ಒಂದ ಸಲ ನೋಡೂನು, ಜನ ನಗಲಿಲ್ಲಾಂದ್ರ ಮತ್ತ ಹೆಸರೆತ್ತಬ್ಯಾಡ' ಅಂದಾರಂತ ಅವರಪ್ಪ. ಅವರೂ ಬರತಾರ. ಮುಂದಿನ ಮೂಲ್ಯಾಗ ಒಬ್ಬ ಅದಾನ, ಅವನ ಮುಖ ನೋಡಿಕೋತ ಮಾತಾಡವ್ವ ಅಂತ ಆಕಿಗೆ ಹೇಳೀನಿ. ಆ ಕೂಸಿನ ನಸೀಬು ನಿನ್ನ ಗಂಟಲಾಗೈತಿ ನೋಡು."

"ಬರ್ತೀನ್ರಿ ಸಾರ್, ಚಿಂತಿ ಬಿಡ್ರಿ," ಎಂದ ಎರ್ರಿ.

ಅದೇ ಶನಿವಾರ ಬಳ್ಳಾರಿಯ ಮೈದಾನದಲ್ಲಿ ಕಬಡ್ಡಿ ಫೈನಲ್ಲೂ ಇತ್ತು, ಸಿರುಗುಪ್ಪಕ್ಕೂ ಕುರುಗೋಡಿಗೂ. ನಾಲ್ಕು ಗಂಟೆಗೆ ಆಟ, ಆರೂವರೆಗೆ ಹಾಸ್ಯ. ಆಟಕ್ಕೆ ಟಿಕೆಟ್ಟೇ ಇಲ್ಲ, ಹಾಸ್ಯಕ್ಕೆ ಕುರ್ಚಿ ಪುಕ್ಕಟೆ. ಇಂಥ ಯೋಗ ಬಿಟ್ಟವನು ಮನುಷ್ಯನೇ? ಅದರ ಮೇಲೆ ಸಿರುಗುಪ್ಪದ ರೈಡರ್ ಬೇರೆ ಯಾರೂ ಅಲ್ಲ, ದಾದಾಪೀರ್. ಎರ್ರಿಯ ಹೆಂಡತಿ ಗಿಡ್ಡಮ್ಮ ಯಾವತ್ತೂ ಇಂಥದ್ದಕ್ಕೆ ಬಂದವಳಲ್ಲ. ಅವಳು ಎರ್ರಿಯ ಸ್ವಂತ ಅಕ್ಕನ ಮಗಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಗಂಡನನ್ನು ಮಾವ ಎಂದೇ ಕರೆಯುವಳು. "ದಾದಾಪೀರ ಆಡತಾನಂದ್ರ ನಾನೂ ಬರ್ತೀನಿ ಮಾವ, ನಮ್ಮ ಕೈಯಾಗ ಬೆಳದ ಹುಡುಗ," ಎಂದು ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಡೇ ಐದು ನಿಮಿಷದವರೆಗೂ ಎರ್ರಿ ಕೈಕಾಲು ಅದುಮಿಕೊಂಡು ಮರ್ಯಾದೆಯಿಂದಲೇ ಕೂತಿದ್ದ, ಅದನ್ನು ಒಪ್ಪಬೇಕು. ಆದರೆ ಅಂಕ ಸಮಸಮ ಆಯಿತು ನೋಡಿ, ಆಗ ಅವನ ಮರ್ಯಾದೆ ಬೆಂಚು ಹತ್ತಿ ನಿಂತಿತು.

"ದಾದಾಪೀರಾ, ಒಳಗ ಹೋಗಲೇ! ಯಾಕ ಹೆದರತಿ? ಮುಟ್ಟಿ ಬಾರಲೇ! ಗಂಡಸಲ್ಲೇನು?"

ಒಂದು ಸಲ ಅಲ್ಲ, ನೂರು ಸಲ. ಗಿಡ್ಡಮ್ಮ ಅಂಗಿಯ ತುದಿ ಹಿಡಿದು ಜಗ್ಗಿದಳು. "ಮಾವ, ಸುಮ್ಮನ ಕುಂದ್ರು, ಆಮ್ಯಾಲೆ ನಗಾಕ ಹೋಗೋದೈತಿ." ಯಾರಿಗೆ ಬೇಕಿತ್ತು ಅದು? ಕೊನೆಯ ರೈಡಿನಲ್ಲಿ ದಾದಾಪೀರನನ್ನು ಮೂವರು ಹಿಡಿದು ನೆಲಕ್ಕೆ ಕೆಡವಿದರು. ಅವನು ಮೂವರನ್ನೂ ಎಳೆದುಕೊಂಡೇ ತೆವಳಿ, ಬೆರಳ ತುದಿಯಿಂದ ನಡುಗೆರೆ ಮುಟ್ಟಿದ. ಮೈದಾನ ಹೊತ್ತಿಕೊಂಡಿತು. ಎರ್ರಿ ಎರಡೂ ಕೈ ಮೇಲೆತ್ತಿ ಕೂಗಿದ ಆ ಕೂಗು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು, ಗಾಳಿಯೂ ಬರುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

ಮೊದಲು ಅವನಿಗೆ ಗೊತ್ತೇ ಆಗಲಿಲ್ಲ, ಜನರ ಗದ್ದಲದಲ್ಲಿ ತನ್ನದೂ ಸೇರಿದೆ ಎಂದುಕೊಂಡ. ಹೊರಗೆ ಬಂದು ಮಿರ್ಚಿ ಅಂಗಡಿಯ ಮುಂದೆ "ಎರಡು ಪ್ಲೇಟು" ಎನ್ನಲು ಹೋದಾಗ ಅಂಗಡಿಯವನು, "ಏನಣ್ಣಾ, ಉಸುರು ಬಿಡಾಕತ್ತಿ?" ಎಂದ. ಆಗ ಎರ್ರಿ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ. ಗಿಡ್ಡಮ್ಮ ಬಿಸಿ ಚಹಾ ಕುಡಿಸಿದಳು, ಶುಂಠಿ ಅಗಿಸಿದಳು, ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು. ಗಂಟಲಿಗೆ ಯಾವುದರ ದಾಕ್ಷಿಣ್ಯವೂ ಬರಲಿಲ್ಲ.

ಸಭಾಂಗಣದ ಮೆಟ್ಟಿಲ ಬಳಿ ಮೇಷ್ಟ್ರು ಕಾಯುತ್ತಿದ್ದರು. ಎರ್ರಿ ಕೈ ಮುಗಿದು, ಗಂಟಲು ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿದ. ಗಿಡ್ಡಮ್ಮ ನಡೆದದ್ದನ್ನೆಲ್ಲ ಹೇಳಿದಳು. ಮೇಷ್ಟ್ರು ಹಣೆ ಹಣೆ ಬಡಿದುಕೊಂಡರು.

"ಅಯ್ಯೋ ನಿನ್ನ ಮನಿ ಹಾಳಾಗ! ಗಂಟಲನ್ನ ಕಬಡ್ಡಿಗೆ ಒತ್ತಿ ಇಟ್ಟು ಬಂದಿಯೇನೋ! ಆ ಹುಡುಗಿಗೆ ಏನು ಹೇಳಲಿ ನಾನು? ಅವರಪ್ಪ ಮೂರನೇ ಸಾಲಿನಾಗ ಕುಂತಾನ!"

ಎರ್ರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ವಾಪಸ್ಸು ಹೋಗಿಬಿಡಲೇ ಎಂದುಕೊಂಡ. ಆದರೆ ಖುಷ್ಬೂಗೆ ಮೂಲೆಯ ಕುರ್ಚಿ ನೋಡಲು ಹೇಳಿಯಾಗಿದೆ, ಅದು ಖಾಲಿಯಿದ್ದರೆ ಇನ್ನೂ ಕೆಟ್ಟದ್ದು. ಕಳ್ಳನ ಹಾಗೆ ಹೋಗಿ ಕೂತ. ಗಿಡ್ಡಮ್ಮ ಪಕ್ಕದಲ್ಲಿ ಕೂತಳು. ಅಷ್ಟು ಸಂಕಟದ ನಡುವೆಯೂ ಆ ಹಳೆಯ ಹುಳ ಒಳಗೆ ಮಿಸುಕಿತು. ಇವತ್ತಂತೂ ಗೊತ್ತಾಗಿಯೇ ತೀರುತ್ತದೆ! ಹಾಗೆಂದು ಯೋಚಿಸಿದ್ದಕ್ಕೆ ತನಗೇ ನಾಚಿಕೆಯಾಯಿತು.

ಖುಷ್ಬೂ ಬಂದಳು. ಇಪ್ಪತ್ತೆರಡರ ಹುಡುಗಿ, ಹಸಿರು ದುಪಟ್ಟಾ, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಜೋಕಿನ ಚೀಟಿ. ಬಂದವಳೇ ಎರ್ರಿಯ ಮುಖಕ್ಕೆ ಕಣ್ಣು ನೆಟ್ಟಳು.

"ನಮ್ಮ ಬಳ್ಳಾರ್ಯಾಗ ಎರಡ ಕಾಲ ಅದಾವ್ರಿ. ಒಂದು ಬ್ಯಾಸಗಿ, ಇನ್ನೊಂದು ಭಾಳ ಬ್ಯಾಸಗಿ."

ಇದನ್ನು ಬಳ್ಳಾರಿಯಲ್ಲಿ ಹುಟ್ಟಿದ ಕೂಸೂ ಕೇಳಿದೆ. ಸಭೆ ಕೆಮ್ಮಿತು. ಎರ್ರಿ ಮಾತ್ರ, ಪಾಪ, ತನ್ನ ಋಣ ತೀರಿಸಲು ಎರಡೂ ದವಡೆ ಅಗಲಿಸಿ ನಗಲು ಹೋದ. ಸದ್ದಿಲ್ಲದ ನಗೆ ದೂರದಿಂದ ನೋಡುವವರಿಗೆ ಹೇಗೆ ಕಾಣುತ್ತದೆ ಗೊತ್ತೇ? ಆಕಳಿಕೆಯ ಹಾಗೆ.

ಖುಷ್ಬೂ ಅದನ್ನು ಕಂಡಳು. ಮುಖ ಬಿಳಿಚಿಕೊಂಡಿತು. ಮುಂದಿನ ಜೋಕನ್ನು ಅರ್ಧ ಹೇಳಿ ಮರೆತಳು. ಎರ್ರಿ ಇನ್ನೂ ಜೋರಾಗಿ ನಕ್ಕ, ಎಂದರೆ ಇನ್ನೂ ದೊಡ್ಡದಾಗಿ ಆಕಳಿಸಿದ. ಪರದೆಯ ಸಂದಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೂರನೇ ಸಾಲಿನಲ್ಲಿ ಹುಡುಗಿಯ ಅಪ್ಪ ಚಪ್ಪಲಿಗೆ ಕಾಲು ಹುಡುಕುತ್ತಿದ್ದ.

"ಕಾಕಾ, ನಿದ್ದಿ ಬಂತೇನ್ರಿ?" ಎಂದಳು ಖುಷ್ಬೂ. ದನಿಯಲ್ಲಿ ಅಳು ಇತ್ತು. ಎರ್ರಿ ಎರಡೂ ಕೈ ಆಡಿಸಿ ಇಲ್ಲ ಇಲ್ಲ ಎಂದ. ಆಗ ಅವಳಿಗೆ ಏನನ್ನಿಸಿತೋ, ಕೈಯಲ್ಲಿದ್ದ ಚೀಟಿಯನ್ನು ಮಡಚಿ ಬದಿಗಿಟ್ಟಳು. ಬಾಯಿಪಾಠ ಬಿಟ್ಟು ಮನೆಯಲ್ಲಿ ಮಾತಾಡುವ ಹಾಗೆ ಶುರು ಮಾಡಿದಳು.

"ಹೋಗ್ಲಿ ಬಿಡ್ರಿ. ನಾನೂ ಈಗ ಕಬಡ್ಡಿ ನೋಡಿ ಬಂದೆ. ನಮ್ಮ ಚಾಚಾನೂ ಬಂದಿದ್ದ. ಏನು ಧೈರ್ಯ ಅಂತೀರಿ! 'ಒಳಗ ಹೋಗಲೇ, ಮುಟ್ಟಿ ಬಾರಲೇ, ಗಂಡಸಲ್ಲೇನು' ಅಂತ ಬೆಂಚಿನ ಮ್ಯಾಲೆ ನಿಂತು ಒದರತಿದ್ದ. ಇದ ಚಾಚಾ ಮನ್ಯಾಗ ಎರಡನೇ ಕಪ್ಪು ಚಾ ಬೇಕಂದ್ರ ಏನು ಮಾಡತಾನ ಗೊತ್ತೇನ್ರಿ?"

ಅವಳು ದುಪಟ್ಟಾ ಸೊಂಟಕ್ಕೆ ಬಿಗಿದಳು. ವೇದಿಕೆಯ ನಡುವೆ ಕಾಲಿನಿಂದ ಒಂದು ಗೆರೆ ಎಳೆದಳು.

"ಇದು ಅಡಗಿ ಮನಿ ಹೊಸ್ತಿಲು. ಅಲ್ಲಿ ಚಾಚಿ, ಕೈಯಾಗ ಲಟ್ಟಣಿಗಿ. ಚಾಚಾ ಬಂದ. ಒಂದ ಕಾಲು ಒಳಗ ಇಟ್ಟ. ಉಸುರು ಹಿಡದಾನ..." ಎಂದು ಬಗ್ಗಿ, ಕೈ ಚಾಚಿ, "ಚಾ, ಚಾ, ಚಾ, ಚಾ" ಎಂದು ಮೆಲ್ಲಗೆ ಗುನುಗುತ್ತ ಸರಿದಳು. "ಚಾಚಿ ಹಿಂಗ ತಿರುಗಿದಳು. ಅಷ್ಟರೀ! ಚಾಚಾ ಬೆರಳ ತುದಿಲೆ ಹೊಸ್ತಿಲು ಮುಟ್ಟಿ ವಾಪಸ್ಸು! ಔಟೂ ಇಲ್ಲ, ಚಾನೂ ಇಲ್ಲ!"

ಎರ್ರಿಯ ಹೊಟ್ಟೆ ಕುಲುಕಿತು. ಇದು ಋಣದ ನಗೆಯಲ್ಲ, ನಿಜದ್ದು. ಆದರೆ ಹೊರಬೀಳಲು ದಾರಿ ಇರಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸದ್ದು ಬಂತು. ಬೋರಿಂಗಿನಲ್ಲಿ ನೀರು ಬರುವ ಮೊದಲು ಗಾಳಿ ಕುಂಯ್‌ಗುಡುತ್ತದಲ್ಲ, ಹಾಗೆ. ಎರಡು ಸಲ ಕುಂಯ್ ಎಂದಿತು, ಆಮೇಲೆ ಒಮ್ಮೆಲೇ ಗಳಗಳನೆ ಸುರಿಯಿತು. ಬಿಕ್ಕಳಿಕೆ, ನಡುವೆ ಒಂದು ಕಿರುಚು, ಮತ್ತೆ ಬಿಕ್ಕಳಿಕೆ. ಯಾರಪ್ಪಾ ಇದು ಎಂದು ಎರ್ರಿ ಹಿಂದೆ ನೋಡಿದ, ಎಡಕ್ಕೆ ನೋಡಿದ. ಕೊನೆಗೆ ಬಲಕ್ಕೆ ನೋಡಿದ.

ಗಿಡ್ಡಮ್ಮ! ಕಣ್ಣಲ್ಲಿ ನೀರು, ಕೊರಳು ಹಿಂದಕ್ಕೆ ವಾಲಿದೆ, ಒಂದು ಕೈ ಎರ್ರಿಯ ತೊಡೆಗೆ ಬಡಿಯುತ್ತಿದೆ. "ಥೇಟ್... ಥೇಟ್ ನಮ್ಮ ಮಾವ..." ಎನ್ನುತ್ತಾಳೆ, ಮುಂದೆ ಹೇಳಲಾರಳು.

ಹಿಂದಿನ ಸಾಲಿನ ಹೆಂಗಸರು ಅವಳ ಸದ್ದಿಗೆ ಕಿಸಕ್ಕೆಂದರು. ಒಬ್ಬಳು, "ನಮ್ಮನಿಯಾವ್ರೂ ಹಂಗ ಬಿಡವ್ವ!" ಎಂದಳು. ಅಷ್ಟೇ, ಸಭಾಂಗಣ ಒಡೆದುಕೊಂಡಿತು. ಖುಷ್ಬೂ ಇನ್ನೊಂದು ರೈಡು ಮಾಡಿದಳು, ಈ ಸಲ ಸಕ್ಕರೆ ಡಬ್ಬಿಗೆ. ಮೂರನೇ ಸಾಲಿನ ಅಪ್ಪ ಚಪ್ಪಲಿ ಮರೆತು ಮುಂದಿನ ಕುರ್ಚಿಯ ಬೆನ್ನು ಹಿಡಿದು ನಗುತ್ತಿದ್ದ. ಹುಡುಗಿ ಗೆದ್ದಳು.

ಗೆದ್ದದ್ದು ಜೋಕೋ ಗಿಡ್ಡಮ್ಮನ ನಗೆಯೋ ಎಂದು ಎರ್ರಿ ಕೇಳಿಕೊಳ್ಳಲೇ ಇಲ್ಲ. ನಾಲ್ಕು ವರ್ಷ ಕೊರೆದ ಹುಳ ಎಲ್ಲಿ ಹೋಯಿತೋ, ಅವನಿಗೆ ಅದರ ನೆನಪೇ ಬರಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಬಾಳಿದ್ದಾನೆ. ಮನೆಯಲ್ಲಿ ನಗುವ ಮಾತು ಬಂದಾಗಲೆಲ್ಲ ಅವಳು ಸೆರಗು ಬಾಯಿಗೆ ಹಿಡಿಯುವುದನ್ನು ನೋಡಿದ್ದಾನೆ, ಹೆಗಲು ಕುಣಿಯುವುದನ್ನು ನೋಡಿದ್ದಾನೆ. ಈ ಸದ್ದನ್ನು ಒಮ್ಮೆಯೂ ಕೇಳಿಲ್ಲ. ಹೇಗೆ ಕೇಳಬೇಕು? ಅವಳು ಬಾಯಿ ತೆರೆಯುವ ಮೊದಲೇ ಇವನ ಗಿರಣಿ ಶುರುವಾಗಿರುತ್ತಿತ್ತು. ಅವನಿಗೆ ಖುಷಿಯಾಯಿತು, ಅದರ ಬೆನ್ನಿಗೇ ತನ್ನ ಮೇಲೆ ಬೇಸರವೂ ಆಯಿತು.

ಕಾರ್ಯಕ್ರಮ ಮುಗಿದ ಮೇಲೆ ಖುಷ್ಬೂ ಓಡಿ ಬಂದು ಗಿಡ್ಡಮ್ಮನ ಎರಡೂ ಕೈ ಹಿಡಿದುಕೊಂಡಳು. "ಚಿಗವ್ವಾ, ನೀವು ಇರಲಿಲ್ಲಾಂದ್ರ ನಾ ಸತ್ತ ಹೋಗತಿದ್ದೆ." ಆಮೇಲೆ ಎರ್ರಿಯ ಕಡೆ ತಿರುಗಿ, ಸ್ವಲ್ಪ ಮುನಿಸಿನಿಂದಲೇ, "ಕಾಕಾ, ಇಡೀ ಮಂದ್ಯಾಗ ನಗದಾವ್ರು ನೀವೊಬ್ರ ನೋಡ್ರಿ," ಎಂದಳು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಎರ್ರಿ ಬೇಡವೆಂದು ಕೈಸನ್ನೆ ಮಾಡಿದ. ಮೂಲೆಯವನು ನಗದಿದ್ದರೂ ಗೆದ್ದೆನೆಂದು ಹುಡುಗಿ ತಿಳಿದಿದ್ದಾಳೆ, ಹಾಗೇ ಇರಲಿ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಗಿಡ್ಡಮ್ಮನೇ ಕೂತಳು. ಊರು ದಾಟುತ್ತಿದ್ದಂತೆ ಅವಳಿಗೆ ಮತ್ತೆ ಚಾಚಾ ನೆನಪಾದ. "ಚಾ, ಚಾ, ಚಾ..." ಎಂದಳು, ಕುಂಯ್ ಎಂದಳು, ಸುರಿದಳು. ಎರ್ರಿಯ ಹೊಟ್ಟೆಯೊಳಗಿಂದ ಏನೋ ಎದ್ದಿತು. ಎದೆಗೆ ಬಂತು, ಗಂಟಲಿಗೆ ಬಂತು. ಶುಂಠಿಯೋ ಚಹಾವೋ ಈಗ ಕೆಲಸ ಮಾಡಿರಬೇಕು, ಸದ್ದೂ ಸ್ವಲ್ಪ ಕೂಡಿತ್ತು. ಅವನು ಥಟ್ಟನೆ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಗಿಡ್ಡಮ್ಮ ಗಾಬರಿಯಾದಳು. "ಯಾಕ ಮಾವ? ವಾಂತಿ ಬರಾಕತ್ತೈತೇನು? ಬಸ್ ನಿಲ್ಲಸಂತ ಹೇಳಲೇನು?"

ಎರ್ರಿ ತಲೆ ಅಲ್ಲಾಡಿಸಿದ. ಕೈ ತೆಗೆದು, ಒಡಕು ದನಿಯಲ್ಲಿ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ.

"ನೀ ನಗು ಗಿಡ್ಡೀ. ಇಷ್ಟ ವರ್ಷ ನಾನೊಬ್ನ ನಕ್ಕೀನಿ."